ಎಲ್ಲರೂ ತಗೊಂಡ ಪ್ಲೇಯರ್‌ನ ನಾನೂ ತಗೋಬೇಕಾ? ಒಂದು ದಿನದ ಫ್ಯಾಂಟಸಿ ಫುಟ್‌ಬಾಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಕುವೆಂಪುನಗರ, ಸರಸ್ವತಿಪುರಂ, ವಿಜಯನಗರದ ಗೆಳೆಯರು, ಜೊತೆಗೆ ಮಂಡ್ಯದ ನಾಲ್ವರು, ಒಟ್ಟು ಇಪ್ಪತ್ತು ಮಂದಿ ವಾರಾಂತ್ಯದಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಪಂದ್ಯಗಳ ಮೇಲೆ ಒಂದು ದಿನದ ಫ್ಯಾಂಟಸಿ ಆಡುತ್ತೇವೆ. ಅಂದರೆ ಆ ದಿನ ನಿಜವಾಗಿ ಆಡುವ ಆಟಗಾರರನ್ನು, ಗೊತ್ತಾದ ಲೆಕ್ಕದ ಹಣದೊಳಗೆ ಆರಿಸಿ ನಮ್ಮದೊಂದು ಟೀಮು ಕಟ್ಟುತ್ತೇವೆ, ಅವರು ಪಂದ್ಯದಲ್ಲಿ ಮಾಡಿದ್ದಕ್ಕೆ ನಮಗೆ ಅಂಕ. ಒಂದು ಪೈಸೆಯೂ ಕಟ್ಟುವುದಿಲ್ಲ. ಲೆಕ್ಕದ ಹಾಳೆ ನನ್ನ ಕೈಯಲ್ಲಿದೆ, ಹಾಗಾಗಿ ಪ್ರಶ್ನೆಗಳೂ ನನಗೇ ಬರುತ್ತವೆ. ಹತ್ತರಲ್ಲಿ ಎಂಟು ಪ್ರಶ್ನೆ ಒಂದೇ ವಿಷಯದ ಸುತ್ತ ಸುತ್ತುತ್ತವೆ: ಎಲ್ಲರ ಟೀಮಿನಲ್ಲೂ ಇರುವ ಆಟಗಾರನನ್ನು ಏನು ಮಾಡುವುದು? ಪ್ರತಿ ಶನಿವಾರ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು ಆಟದ ನಿಯಮ ಹೇಳಿ.

ಪ್ರೀಮಿಯರ್ ಲೀಗಿನ ಅಧಿಕೃತ ಉಚಿತ ಫ್ಯಾಂಟಸಿ ಆಟ 2002ರಿಂದ ನಡೆಯುತ್ತಿದೆ. ಅದರ ಬೆಲೆ, ಅದರ ಅಂಕಗಳನ್ನೇ ನಾವು ಬಳಸುತ್ತೇವೆ. ಅಲ್ಲಿ 15 ಜನಕ್ಕೆ 100 ಮಿಲಿಯನ್ ಪೌಂಡ್. ನಾವು ಬೆಂಚ್, ಅಂದರೆ ನಾಲ್ವರು ಬದಲಿ ಆಟಗಾರರನ್ನು, ತೆಗೆದುಹಾಕಿ 11 ಜನಕ್ಕೆ 83 ಮಿಲಿಯನ್ ಇಟ್ಟುಕೊಂಡಿದ್ದೇವೆ. ಒಂದು ಕ್ಲಬ್ಬಿನಿಂದ ಹೆಚ್ಚೆಂದರೆ ಮೂವರು. ಫಾರ್ವರ್ಡ್ ಹೊಡೆದ ಗೋಲಿಗೆ 4, ಮಿಡ್‌ಫೀಲ್ಡರ್‌ಗೆ 5, ಡಿಫೆಂಡರ್‌ಗೆ 6. ಗೋಲಿಗೆ ಪಾಸ್ ಕೊಟ್ಟರೆ (ಅಸಿಸ್ಟ್) 3. 60 ನಿಮಿಷ ದಾಟಿದರೆ 2, ಅದಕ್ಕಿಂತ ಕಡಿಮೆ ಆಡಿದರೆ 1. ಗೋಲು ಬಿಟ್ಟುಕೊಡದಿದ್ದರೆ ಡಿಫೆಂಡರ್‌ಗೂ ಗೋಲ್‌ಕೀಪರ್‌ಗೂ 4. ಪಂದ್ಯದಲ್ಲಿ ಚೆನ್ನಾಗಿ ಆಡಿದವರಿಗೆ 1ರಿಂದ 3ರವರೆಗೆ ಬೋನಸ್. ಕ್ಯಾಪ್ಟನ್‌ಗೆ ಎಲ್ಲವೂ ಎರಡರಷ್ಟು. ಅಧಿಕೃತ ಆಟದಲ್ಲಿ ಮೊದಲ ಪಂದ್ಯಕ್ಕೆ 90 ನಿಮಿಷ ಇರುವಾಗಲೇ ಎಲ್ಲ ಟೀಮುಗಳಿಗೂ ಬೀಗ ಬೀಳುತ್ತದೆ. ನಮ್ಮಲ್ಲಿ ಆಯಾ ಆಟಗಾರನ ಪಂದ್ಯ ಶುರುವಾದಾಗ ಅವನೊಬ್ಬನ ಜಾಗ ಮಾತ್ರ ಲಾಕ್ ಆಗುತ್ತದೆ.

‘ಕಾಮನ್ ಪ್ಲೇಯರ್’ ಅಂದರೆ ಯಾರು?

ನಮ್ಮ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತೆಗೆದುಕೊಂಡವನು ಕಾಮನ್. ಇಪ್ಪತ್ತರಲ್ಲಿ ಒಬ್ಬರೋ ಇಬ್ಬರೋ ತೆಗೆದುಕೊಂಡವನು ಡಿಫರೆನ್ಷಿಯಲ್. ನಡುವಿನವರಿಗೆ ಹೆಸರಿಲ್ಲ, ಬೇಕಾಗಿಯೂ ಇಲ್ಲ.

ಹಾಗಾದರೆ ಕಾಮನ್ ಪ್ಲೇಯರ್‌ನ ತಗೋಬೇಕಾ, ಬಿಡಬೇಕಾ?

ಇದಕ್ಕೆ ನಾನು ಕೇಳಿದ ಅತ್ಯುತ್ತಮ ಉತ್ತರ ಮಂಡ್ಯದ ಗೆಳೆಯನೊಬ್ಬನದು. ಅವನ ಮನೆಯವರು ಕಬ್ಬು, ಟೊಮೆಟೊ ಎರಡನ್ನೂ ಬೆಳೆಯುತ್ತಾರೆ. ಅವನು ಹೇಳಿದ್ದು ಇಷ್ಟು: “ಕಬ್ಬ ಊರೆಲ್ಲಾ ಹಾಕಿದ್ರೂ ನಾನೂ ಹಾಕ್ತೀನಿ ಕಣಣ್ಣ, ಟನ್ನಿಗೆ ರೇಟು ಮೊದ್ಲೇ ಗೊತ್ತಿರ್ತದೆ. ಟೊಮೆಟೊ ಹಂಗಲ್ಲ. ಊರೆಲ್ಲಾ ಹಾಕ್ದಾಗ ನಾನೂ ಹಾಕಿದ್ರೆ, ಬೆಳೆ ಬಂದ್ರೂ ಅಷ್ಟೇ.”

ಮಾತು ಸರಿಯಾಗಿದೆ. ಕಬ್ಬಿಗೆ ಕೇಂದ್ರ ಸರ್ಕಾರ ಕನಿಷ್ಠ ದರ ಗೊತ್ತು ಮಾಡುತ್ತದೆ. ಪಕ್ಕದ ಹೊಲದವನೂ ಕಬ್ಬು ಬೆಳೆದ ಅಂತ ನಿಮ್ಮ ಟನ್ನಿನ ದರ ಇಳಿಯುವುದಿಲ್ಲ. ಟೊಮೆಟೊ ಬಂಡಿಪಾಳ್ಯದ ಮಾರುಕಟ್ಟೆಗೆ ಹೋಗುತ್ತದೆ. ಎಲ್ಲರ ಬೆಳೆಯೂ ಚೆನ್ನಾಗಿ ಬಂದ ದಿನ ಅಲ್ಲಿ ಯಾರಿಗೂ ಲಾಭವಿಲ್ಲ. ಎಲ್ಲರ ಬೆಳೆಯೂ ಕೆಟ್ಟ ವರ್ಷ ಬೇರೆ ತರಕಾರಿ ಹಾಕಿದವನೊಬ್ಬನ ಮನೆಯಲ್ಲಿ ಹಬ್ಬ.

ಫ್ಯಾಂಟಸಿಯಲ್ಲೂ ಎರಡು ಬಗೆಯ ಸ್ಪರ್ಧೆಗಳಿವೆ. ಒಂದರಲ್ಲಿ ಮೇಲಿನ ಅರ್ಧದಲ್ಲಿ ಬಂದರೆ ಸಾಕು, ಇಲ್ಲವೇ ಎದುರಿಗಿರುವ ಒಬ್ಬನನ್ನು ಸೋಲಿಸಿದರೆ ಸಾಕು. ಅದು ಕಬ್ಬಿನ ಹೊಲ. ಅಲ್ಲಿ ಒಳ್ಳೆಯ ಆಟಗಾರ ಎಲ್ಲರ ಬಳಿ ಇದ್ದರೆ ಇರಲಿ, ನಿಮ್ಮ ಬಳಿಯೂ ಇರಲಿ. ಇನ್ನೊಂದರಲ್ಲಿ ಸಾವಿರಾರು ಜನರ ನಡುವೆ ಮೊದಲ ಕೆಲವು ಸ್ಥಾನಕ್ಕೆ ಮಾತ್ರ ಬೆಲೆ. ಆ್ಯಪ್ ಆಡುವವರು ಗ್ರ್ಯಾಂಡ್ ಲೀಗ್, ಜಿಎಲ್ ಎನ್ನುವುದು ಅದನ್ನೇ. ಅದು ಟೊಮೆಟೊ ಮಾರುಕಟ್ಟೆ. ಎಲ್ಲರ ಬಳಿ ಇರುವವನು ಗೋಲು ಹೊಡೆದರೆ ನೀವು ಇದ್ದಲ್ಲೇ ಇರುತ್ತೀರಿ.

ಹಾಗಾಗಿ ಆಟಗಾರನ ಬಗ್ಗೆ ಕೇಳುವ ಮೊದಲು ಸ್ಪರ್ಧೆಯ ಬಗ್ಗೆ ಕೇಳಿ: ಎಷ್ಟು ಜನ, ಎಷ್ಟನೇ ಸ್ಥಾನ ಬೇಕು?

ಎಲ್ಲರ ಬಳಿ ಇದ್ದಾನೆ, ನನ್ನ ಬಳಿಯೂ ಇದ್ದಾನೆ, ಗೋಲೂ ಹೊಡೆದ. ಆದರೂ ನಾನು ಹಿಂದೆ ಬಿದ್ದೆ. ಹೇಗೆ?

ಕ್ಯಾಪ್ಟನ್ ಲೆಕ್ಕ ಬಿಟ್ಟುಹೋಗಿದೆ. ಉದಾಹರಣೆಗೆ, ನಮ್ಮ ಇಪ್ಪತ್ತು ಜನರಲ್ಲಿ 16 ಮಂದಿ ಮ್ಯಾಂಚೆಸ್ಟರ್ ಸಿಟಿಯ ಫಾರ್ವರ್ಡ್ ಎರ್ಲಿಂಗ್ ಹಾಲಂಡ್‌ನನ್ನು ತೆಗೆದುಕೊಂಡಿದ್ದಾರೆ, ಅವರಲ್ಲಿ 10 ಮಂದಿ ಕ್ಯಾಪ್ಟನ್ ಮಾಡಿದ್ದಾರೆ ಎಂದುಕೊಳ್ಳಿ. ಕ್ಯಾಪ್ಟನ್ ಎಂದರೆ ಒಬ್ಬ ಆಟಗಾರ ಇಬ್ಬರಾದಂತೆ. 16ಕ್ಕೆ 10 ಕೂಡಿಸಿ 26. ಇಪ್ಪತ್ತರಿಂದ ಭಾಗಿಸಿದರೆ 1.3. ಗುಂಪಿನ ಸರಾಸರಿ ಟೀಮಿನಲ್ಲಿ ಒಂದಕ್ಕಿಂತ ಹೆಚ್ಚು ಹಾಲಂಡ್ ಇದ್ದಾನೆ.

ಅವನು ಎರಡು ಗೋಲು ಹೊಡೆದ: 8. ಪೂರ್ತಿ ಆಡಿದ: 2. ಬೋನಸ್ 3. ಒಟ್ಟು 13. ಗುಂಪಿಗೆ ಸರಾಸರಿ ಸಿಕ್ಕಿದ್ದು 16.9. ಕ್ಯಾಪ್ಟನ್ ಮಾಡದೆ ಸುಮ್ಮನೆ ಟೀಮಿನಲ್ಲಿ ಇಟ್ಟುಕೊಂಡ ನಿಮಗೆ 13. ಅಂದರೆ ಅವನು ಗೋಲು ಹೊಡೆದಷ್ಟೂ ನೀವು ಸುಮಾರು 4 ಅಂಕ ಹಿಂದಕ್ಕೆ ಜಾರಿದಿರಿ. ಕ್ಯಾಪ್ಟನ್ ಮಾಡಿದವನಿಗೆ 26, ಅವನು ಸರಾಸರಿಗಿಂತ 9.1 ಮುಂದೆ. ಪೂರ್ತಿ ಬಿಟ್ಟವನು 16.9 ಹಿಂದೆ.

ಈಗ ತಿರುಗಿಸಿ ನೋಡಿ. ಅವನಿಗೆ ಬರೀ 2 ಬಂತು. ಗುಂಪಿಗೆ ಸರಾಸರಿ 2.6. ಬಿಟ್ಟವನು ಕಳೆದುಕೊಂಡಿದ್ದು ಅಷ್ಟೇ. ಉಳಿದ ಹಣದಲ್ಲಿ ಅವನು ತಂದ ಬೇರೆ ಕ್ಯಾಪ್ಟನ್ 9 ಅಂಕ ಮಾಡಿದ್ದರೆ ಅವನ ಕೈಯಲ್ಲಿ 18. ಈ ಎರಡು ದಿನಗಳಲ್ಲಿ ಯಾವುದು ಎಷ್ಟು ಸಲ ಬರುತ್ತದೆ ಅಂತ ಅಂದಾಜು ಮಾಡುವುದೇ ಈ ಆಟದ ಕೆಲಸ. ಈ 1.3ರ ಲೆಕ್ಕ ಅರ್ಥವಾದ ಮೇಲೆ ನನ್ನ ಆಟವೇ ಬದಲಾಯಿತು, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಯಾವ ಕಾಮನ್ ಪ್ಲೇಯರ್ ನಂಬಿಕಸ್ತ, ಯಾವನು ಅಲ್ಲ?

ಎಷ್ಟು ಜನ ತೆಗೆದುಕೊಂಡರು ಎನ್ನುವುದಕ್ಕಿಂತ ಯಾಕೆ ತೆಗೆದುಕೊಂಡರು ಎಂದು ನೋಡಬೇಕು. ನಾಲ್ಕೈದು ಕಾರಣಗಳು ಮತ್ತೆ ಮತ್ತೆ ಕಾಣುತ್ತವೆ, ಅವೆಲ್ಲ ಒಂದೇ ತೂಕದವಲ್ಲ.

ಎಲ್ಲಕ್ಕಿಂತ ಗಟ್ಟಿ ಕಾರಣ: ಕೆಲಸ ಸಿಕ್ಕಿದೆ, ಬೆಲೆ ಏರಿಲ್ಲ. ಕ್ಲಬ್ಬಿನ ಎಡಬದಿಯ ಖಾಯಂ ಡಿಫೆಂಡರ್, ಅಂದರೆ ಲೆಫ್ಟ್ ಬ್ಯಾಕ್‌ಗೆ ಪೆಟ್ಟಾಯಿತು, ಬೆಂಚಿನಲ್ಲಿದ್ದ 4 ಮಿಲಿಯನ್‌ನ ಹುಡುಗ ಒಳಗೆ ಬಂದ. ಎಲ್ಲರೂ ಅವನ ಹಿಂದೆ ಬೀಳುತ್ತಾರೆ, ಬೀಳಬೇಕು ಕೂಡ. ಅವನಿಂದ ಅಂಕ ಬರುತ್ತದೆಂದಲ್ಲ. ಅವನಿಂದ ಉಳಿದ ಹಣದಲ್ಲಿ ದುಬಾರಿ ಆಟಗಾರನೊಬ್ಬ ಬರುತ್ತಾನೆ. ಅಂಥವನನ್ನು ‘ಬೇರೆಯಾಗಿ ಕಾಣಬೇಕು’ ಅಂತ ಬಿಡುವುದು ದಡ್ಡತನ.

ಅದರ ನಂತರ ಪೆನಾಲ್ಟಿ, ಫ್ರೀ ಕಿಕ್, ಕಾರ್ನರ್ ಹೊಡೆಯುವ ಹಕ್ಕು ಇರುವವನು. ಆಟ ಕೆಟ್ಟಿದ್ದರೂ ಅವನಿಗೆ ಒಂದು ಬಾಗಿಲು ತೆರೆದೇ ಇರುತ್ತದೆ. ಲಿವರ್‌ಪೂಲ್‌ನ ಮೊಹಮ್ಮದ್ ಸಲಾ 2024–25ರಲ್ಲಿ 29 ಗೋಲು, 18 ಅಸಿಸ್ಟ್ ಮಾಡಿ 344 ಫ್ಯಾಂಟಸಿ ಅಂಕ ಗಳಿಸಿದ್ದು ಆ ಆಟದ ದಾಖಲೆ. ಅವನ ಹಿಂದಿನ ದೊಡ್ಡ ಋತು 2017–18ರದ್ದು, 303. ಆ 2024–25ರಲ್ಲಿ ಅವನ ಶುರುವಿನ ಬೆಲೆ 12.5 ಮಿಲಿಯನ್. ಅಷ್ಟು ಕೊಟ್ಟೂ ಎಲ್ಲರೂ ತೆಗೆದುಕೊಂಡರು. ಅವನ ಬಳಿ ಪೆನಾಲ್ಟಿ ಇತ್ತು, ನಿಮಿಷಗಳಿದ್ದವು, ಗೋಲು ಮತ್ತು ಪಾಸ್ ಎರಡೂ ಇದ್ದವು. ಅದರ ಮೇಲೆ ಮಿಡ್‌ಫೀಲ್ಡರ್ ಎಂದು ಪಟ್ಟಿಯಾಗಿದ್ದರಿಂದ ಗೋಲಿಗೆ 5. ಇಂಥ ಜನಪ್ರಿಯತೆಯ ವಿರುದ್ಧ ವಾರವಾರವೂ ಆಡಿದವರು ಆ ವರ್ಷ ನಮ್ಮ ಹಾಳೆಯ ತಳದಲ್ಲಿದ್ದರು.

ಎದುರಾಳಿ ದುರ್ಬಲ ಎನ್ನುವುದು ಮಧ್ಯಮ ಕಾರಣ. ತಂಡಕ್ಕೆ ನಾಲ್ಕು ಗೋಲು ಬಂದರೂ ಅವು ನಿಮ್ಮವನ ಕಾಲಿನಿಂದಲೇ ಬರಬೇಕೆಂದೇನಿಲ್ಲ.

‘ಹೋದ ವಾರ ಎರಡು ಹೊಡೆದ’ ಎನ್ನುವುದು ದುರ್ಬಲ ಕಾರಣ, ಆದರೆ ಜನ ಅತಿ ಹೆಚ್ಚು ನಂಬುವುದು ಇದನ್ನೇ. ಮೂವತ್ತು ಗಜದಿಂದ ಹೊಡೆದದ್ದೋ, ಗೋಲ್‌ಕೀಪರ್ ಕೈತಪ್ಪಿ ಬಿಟ್ಟದ್ದೋ ನೋಡಿ. ಪ್ರತಿ ವಾರ ಪೆನಾಲ್ಟಿ ಬಾಕ್ಸಿನೊಳಗೆ ಮೂರು ನಾಲ್ಕು ಸಲ ಚೆಂಡು ಹೊಡೆಯುವವನು ಈ ವಾರ ಖಾಲಿ ಕೈಯಲ್ಲಿ ಬಂದಿದ್ದರೂ ನಾನು ಅವನ ಕಡೆಗೇ ಇರುತ್ತೇನೆ.

2025–26ರಿಂದ ಇನ್ನೊಂದು ಕಾರಣ ಸೇರಿದೆ. ಡಿಫೆಂಡರ್ ಒಬ್ಬ ಕ್ಲಿಯರೆನ್ಸ್, ಬ್ಲಾಕ್, ಇಂಟರ್‌ಸೆಪ್ಷನ್, ಟ್ಯಾಕಲ್ (ಚೆಂಡು ದೂರ ಒದೆಯುವ, ತಡೆಯುವ, ಕಸಿಯುವ ಕೆಲಸಗಳು) ಎಲ್ಲ ಸೇರಿ 10 ಮುಟ್ಟಿದರೆ 2 ಅಂಕ. ಹೀಗಾಗಿ ಸದಾ ಒತ್ತಡದಲ್ಲಿರುವ ತಂಡಗಳ ಸೆಂಟರ್ ಬ್ಯಾಕ್‌ಗಳೂ ಜನಪ್ರಿಯರಾಗಿದ್ದಾರೆ. ಇದು ಪ್ರತಿ ವಾರ ನಡೆಯುವ ಕೆಲಸ. ಅಂಥವರನ್ನು ಹೆದರದೆ ತೆಗೆದುಕೊಳ್ಳಿ.

ಹೆಸರಿನ ಮೇಲೆ ಜನಪ್ರಿಯರಾದವರನ್ನು ಬಿಟ್ಟುಬಿಡಬಹುದಲ್ಲ?

ನಾನೂ ಹಾಗೇ ಅಂದುಕೊಂಡಿದ್ದೆ. ಇಂಡಿಯನ್ ಸೂಪರ್ ಲೀಗ್ ದಿನ ನಮ್ಮ ಗುಂಪಿನಲ್ಲಿ ಸುನಿಲ್ ಛೆಟ್ರಿ ಇಲ್ಲದ ಟೀಮು ಸಿಗುವುದೇ ಕಷ್ಟ. ಬೆಂಗಳೂರು ಎಫ್‌ಸಿ ನಮ್ಮದು, ಛೆಟ್ರಿ ನಮ್ಮವನು, ಅಷ್ಟೇ ಕಾರಣ. ನಲವತ್ತು ವರ್ಷದ ಫಾರ್ವರ್ಡ್ ಎಷ್ಟು ಓಡಿಯಾನು ಎಂದು ವಾದಿಸುತ್ತಿದ್ದೆ. 2024ರ ಡಿಸೆಂಬರ್ 7ರಂದು ಕೇರಳ ಬ್ಲಾಸ್ಟರ್ಸ್ ವಿರುದ್ಧ ಕಂಠೀರವದಲ್ಲಿ ಅವನು ಹ್ಯಾಟ್ರಿಕ್ ಹೊಡೆದ, ಬೆಂಗಳೂರು 4–2ರಿಂದ ಗೆದ್ದಿತು. ಆ ಋತುವಿನಲ್ಲಿ ಅವನ ಗೋಲು 14.

ಅಂದರೆ ಜನ ಅಭಿಮಾನದಿಂದ ಆರಿಸಿದ್ದರೂ ಆಯ್ಕೆ ಸರಿ ಇರಬಹುದು. ಅಭಿಮಾನ ಕಳೆದ ಮೇಲೆ ಉಳಿಯುವುದೇನು ಎಂದು ನೋಡಿ: ಬಾಕ್ಸಿನೊಳಗಿನ ಜಾಗ, ಪೆನಾಲ್ಟಿ, ಹೆಡರ್. ಛೆಟ್ರಿ ಬಳಿ ಅವು ಉಳಿದಿದ್ದವು. ಅವು ಇಲ್ಲದ ಹಳೆಯ ದೊಡ್ಡ ಹೆಸರುಗಳನ್ನು ಮಾತ್ರ ಬಿಡಿ. ನಮ್ಮ ಗುಂಪಿನ ಹಳೇ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಕ್ಯಾಪ್ಟನ್ ವಿಷಯದಲ್ಲಿ ಗುಂಪಿನ ಜೊತೆ ಹೋಗಬೇಕಾ?

ಒಂದೇ ಋತು, ಒಂದೇ ಆಟಗಾರ, ಎರಡು ದಿನ ನೋಡಿ.

2022ರ ಆಗಸ್ಟ್ 13, ಶನಿವಾರ. ಮ್ಯಾಂಚೆಸ್ಟರ್ ಸಿಟಿಗೆ ಹೊಸದಾಗಿ ಬಂದ ಹಾಲಂಡ್, ಎದುರಿಗೆ ಬೋರ್ನ್‌ಮತ್. ಸಿಟಿ 4–0ರಿಂದ ಗೆದ್ದಿತು. ಹಾಲಂಡ್ ಗೋಲು ಹೊಡೆಯಲಿಲ್ಲ. ಎಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಚೆಂಡು ಮುಟ್ಟಿದ್ದು ಎಂಟೇ ಸಲ, ಅದರಲ್ಲಿ ಒಂದು ಪಾಸ್ ಗೋಲಾಯಿತು. ಒಟ್ಟು 5 ಅಂಕ, ಕ್ಯಾಪ್ಟನ್ ಮಾಡಿದವರಿಗೆ 10. ಅದೇ ಪಂದ್ಯದಲ್ಲಿ 60 ನಿಮಿಷ ದಾಟಿದ ಸಿಟಿ ಡಿಫೆಂಡರ್ ಏನೂ ಮಾಡದೆಯೇ 6 ಪಡೆದ. ತಂಡ ಗೆಲ್ಲುತ್ತದೆ ಎನ್ನುವ ಅಂದಾಜು ಪೂರ್ತಿ ಸರಿ ಇತ್ತು. ಅಂಕ ಮಾತ್ರ ಬೇರೆಯವರ ಪಾಲಾಯಿತು.

ಇನ್ನೊಂದು ದಿನ ಅದೇ ವರ್ಷದ ಅಕ್ಟೋಬರ್ 2. ಸಿಟಿ–ಯುನೈಟೆಡ್ ಪಂದ್ಯ, 6–3. ಹಾಲಂಡ್‌ಗೆ ಮೂರು ಗೋಲು, ಎರಡು ಅಸಿಸ್ಟ್: 12, 6, ಆಡಿದ್ದಕ್ಕೆ 2, ಬೋನಸ್ 3. ಒಟ್ಟು 23. ಕ್ಯಾಪ್ಟನ್‌ಗೆ 46.

ಆ ಋತು ಮುಗಿಯುವಾಗ ಅವನ ಗೋಲು 36, ಫ್ಯಾಂಟಸಿ ಅಂಕ 272. ಅವನನ್ನು ಇಟ್ಟುಕೊಂಡ ಟೀಮುಗಳು ಶೇ. 80 ದಾಟಿದ್ದವು. ಇಡೀ ಋತುವಿನ ಆಟದಲ್ಲಿ ಅಂಥವನನ್ನು ಬಿಟ್ಟರೆ ಉಳಿಗಾಲವಿಲ್ಲ. ಒಂದು ದಿನದ ಆಟದಲ್ಲಿ ಆಗಸ್ಟ್ 13 ಕೂಡ ಬರುತ್ತದೆ. ಅದಕ್ಕೇ ನನ್ನ ಅಭಿಪ್ರಾಯ: ದೊಡ್ಡ ಸ್ಪರ್ಧೆಯಲ್ಲಿ ಕಾಮನ್ ಪ್ಲೇಯರ್‌ನನ್ನು ಟೀಮಿನಲ್ಲಿ ಇಟ್ಟುಕೊಂಡು ಕ್ಯಾಪ್ಟನ್ ಪಟ್ಟ ಬೇರೆಯವರಿಗೆ ಕೊಡುವುದು ಅರ್ಧ ಧೈರ್ಯ. ಮೇಲಿನ 1.3ರ ಲೆಕ್ಕ ಹಾಕಿದರೆ ಆಗ ನೀವು ಅವನ ವಿರುದ್ಧವೇ ಆಡುತ್ತಿದ್ದೀರಿ, ಆದರೆ ಅವನಿಗೆ ಕೊಟ್ಟ ಹಣ ಉಳಿದಿಲ್ಲ. ಬಿಡುವುದಾದರೆ ಪೂರ್ತಿ ಬಿಡಿ, ಆ 12 ಮಿಲಿಯನ್‌ನಲ್ಲಿ ಇಬ್ಬರು ಒಳ್ಳೆಯವರನ್ನು ತನ್ನಿ. ಇಟ್ಟುಕೊಳ್ಳುವುದಾದರೆ ಕ್ಯಾಪ್ಟನ್ ಮಾಡಿ. ಸಣ್ಣ ಗುಂಪಿನಲ್ಲಿ ಈ ತಲೆನೋವೇ ಬೇಡ, ಎಲ್ಲರ ಕ್ಯಾಪ್ಟನ್ ನಿಮ್ಮ ಕ್ಯಾಪ್ಟನ್ನೂ ಆಗಲಿ.

ನೀವು ಯಾವತ್ತಾದರೂ ದೊಡ್ಡ ಕಾಮನ್ ಪ್ಲೇಯರ್‌ನನ್ನು ಬಿಟ್ಟಿದ್ದೀರಾ?

ಮೇಲೆ ಹೇಳಿದ ಅಕ್ಟೋಬರ್ 2ರಂದೇ ಬಿಟ್ಟಿದ್ದೆ. ಭಾನುವಾರ, ಗಾಂಧಿ ಜಯಂತಿ, ಮೈಸೂರಿನಲ್ಲಿ ದಸರಾ ನಡೆಯುತ್ತಿತ್ತು. ಆ ದಿನ ಎರಡೇ ಪಂದ್ಯ. ಗುಂಪಿನಲ್ಲಿ ಆಗ ಹನ್ನೆರಡು ಜನ, ಹನ್ನೊಂದು ಟೀಮಿನಲ್ಲೂ ಹಾಲಂಡ್. ‘ಎಲ್ಲರೂ ಅವನನ್ನೇ ಇಟ್ಟಿದ್ದಾರೆ, ನಾನೊಬ್ಬ ಬಿಟ್ಟರೆ ಒಂದೇ ಏಟಿಗೆ ಮೊದಲ ಸ್ಥಾನ’ ಅನ್ನಿಸಿತು. ಯುನೈಟೆಡ್‌ನ ಮಿಡ್‌ಫೀಲ್ಡರ್ ಒಬ್ಬನನ್ನು ಕ್ಯಾಪ್ಟನ್ ಮಾಡಿದೆ. ಸಂಜೆ ಆರೂವರೆಗೆ ಪಂದ್ಯ ಶುರು, ಅರ್ಧ ವಿರಾಮಕ್ಕೆ 4–0. ಮನೆಯವರೊಂದಿಗೆ ದೀಪಾಲಂಕಾರ ನೋಡಲು ಸಯ್ಯಾಜಿರಾವ್ ರಸ್ತೆಗೆ ಹೊರಟೆ. ಜನಸಂದಣಿಯ ನಡುವೆ ಗುಂಪಿನ ಮೆಸೇಜುಗಳು ಬರುತ್ತಲೇ ಇದ್ದವು.

ಬಿಟ್ಟದ್ದೇ ತಪ್ಪು ಎಂದು ಈಗಲೂ ಹೇಳುವುದಿಲ್ಲ. ಬಿಡಲು ನನ್ನ ಬಳಿ ಒಂದೂ ಕಾರಣ ಇರಲಿಲ್ಲ, ತಪ್ಪು ಅದು. ಅವನಿಗೆ ಪೆಟ್ಟಾಗಿರಲಿಲ್ಲ. ಆಗಸ್ಟ್ ಕೊನೆಯ ವಾರದಲ್ಲಿ ಕ್ರಿಸ್ಟಲ್ ಪ್ಯಾಲೆಸ್, ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎರಡರ ವಿರುದ್ಧವೂ ತವರಿನಲ್ಲಿ ಹ್ಯಾಟ್ರಿಕ್ ಹೊಡೆದು ಬಂದಿದ್ದ. ಎರಡೇ ಪಂದ್ಯದ ದಿನ ಅವನಿಗೆ ಬದಲಿ ಸಿಗುವುದೂ ಕಷ್ಟ. ಅದರ ಮೇಲೆ ಹನ್ನೆರಡು ಜನರ ಗುಂಪಿನಲ್ಲಿ ಗೆಲ್ಲಲು ಅಷ್ಟು ದೂರ ಹೋಗಬೇಕಾಗಿಯೇ ಇರಲಿಲ್ಲ. ಅವನನ್ನು ಇಟ್ಟುಕೊಂಡು ಉಳಿದ ಹತ್ತರಲ್ಲಿ ಎರಡು ಜಾಗದಲ್ಲಿ ಬೇರೆಯಾಗಿದ್ದರೆ ಸಾಕಿತ್ತು.

ಎಷ್ಟು ಜನ ಕಾಮನ್ ಇರಬೇಕು?

ನಮ್ಮ ಇಪ್ಪತ್ತು ಜನರ ಆಟದಲ್ಲಿ ಏಳೆಂಟು. ಸಾವಿರಾರು ಜನರಿದ್ದರೆ ಐದಾರು. ಹನ್ನೊಂದಕ್ಕೆ ಹನ್ನೊಂದೂ ಡಿಫರೆನ್ಷಿಯಲ್ ಇರುವ ಟೀಮು ಗೆದ್ದದ್ದನ್ನು ನಾನು ನೋಡಿಲ್ಲ.

ಬಿಡದೆಯೇ ಬೇರೆಯಾಗುವ ದಾರಿ ಇದೆಯಾ?

ಇದೆ, ಜೋಡಿ ಕಟ್ಟುವುದು. ಕಾಮನ್ ಸ್ಟ್ರೈಕರ್ ಗೋಲು ಹೊಡೆಯುವ ದಿನ ಅವನಿಗೆ ಚೆಂಡು ಕೊಟ್ಟವನೊಬ್ಬ ಇರಲೇಬೇಕು. ಆ ವಿಂಗರ್‌ನನ್ನೋ ಫುಲ್‌ಬ್ಯಾಕ್‌ನನ್ನೋ ಹೆಚ್ಚು ಜನ ತೆಗೆದುಕೊಂಡಿರುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಇಟ್ಟರೆ ಒಂದೇ ಗೋಲಿನಿಂದ ಎರಡು ಕಡೆ ಅಂಕ, ಗುಂಪಿಗೆ ಒಂದೇ ಕಡೆ. ಡಿಫೆಂಡರ್ ಮತ್ತು ಗೋಲ್‌ಕೀಪರ್ ಒಂದೇ ಕ್ಲಬ್ಬಿನವರಾಗಿರುವುದೂ ಹೀಗೇ: ಗೋಲು ಬೀಳದಿದ್ದರೆ 4 ಮತ್ತು 4, ಬಿದ್ದರೆ ಎರಡೂ ಹೋಯಿತು. ದೊಡ್ಡ ಸ್ಪರ್ಧೆಗೆ ಅಂಥ ಏರಿಳಿತವೇ ಬೇಕು. ನಿಮ್ಮ ಕ್ಯಾಪ್ಟನ್ ಎದುರಿಗಿರುವ ತಂಡದ ಗೋಲ್‌ಕೀಪರ್‌ನನ್ನು ಮಾತ್ರ ಇಟ್ಟುಕೊಳ್ಳಬೇಡಿ. ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆಯುತ್ತೀರಿ.

ಯಾರು ಕಾಮನ್ ಆಗುತ್ತಾರೆ ಅಂತ ಮೊದಲೇ ತಿಳಿಯುವುದು ಹೇಗೆ? ಆಟದ ಪುಟದಲ್ಲಿರುವ ಶೇಕಡಾ ಸಾಕಲ್ಲ?

ಸಾಲದು. ಅಧಿಕೃತ ಆಟದಲ್ಲಿ ಒಂದು ಕೋಟಿಗೂ ಹೆಚ್ಚು ಟೀಮುಗಳಿವೆ. ಆಗಸ್ಟಿನಲ್ಲಿ ಉತ್ಸಾಹದಿಂದ ಶುರು ಮಾಡಿ ದಸರಾ ಹೊತ್ತಿಗೆ ಮರೆತುಬಿಟ್ಟವರ ಟೀಮೂ ಆ ಶೇಕಡಾದಲ್ಲಿದೆ. ಪೆಟ್ಟಾಗಿ ತಿಂಗಳಾದ ಆಟಗಾರನ ಹೆಸರಿನ ಮುಂದೆ ದೊಡ್ಡ ಸಂಖ್ಯೆ ಕಾಣುವುದು ಅದಕ್ಕೇ.

ನಿಮ್ಮ ಎದುರಾಳಿಗಳು ನಿಮ್ಮ ಗುಂಪಿನವರು, ಅವರನ್ನು ಗಮನಿಸಿ. ನಮ್ಮಲ್ಲಿ ರಾತ್ರಿ ಹತ್ತರ ಪಂದ್ಯದ ಆಟಗಾರರಿಗಿಂತ ಸಂಜೆ ಐದರ ಪಂದ್ಯದವರು ಹೆಚ್ಚು ಕಾಮನ್, ಏಕೆಂದರೆ ಎಲ್ಲರೂ ನೋಡುವುದು ಅದನ್ನು. ಲಿವರ್‌ಪೂಲ್ ಆಡುವ ದಿನ ವಿಜಯನಗರದ ಮೂವರು ಲಿವರ್‌ಪೂಲ್‌ನಿಂದ ಮೂರೂ ಜಾಗ ತುಂಬುತ್ತಾರೆ, ಅದು ಸೂರ್ಯೋದಯದಷ್ಟು ಖಚಿತ.

ಲೈನ್‌ಅಪ್ ಎಷ್ಟು ಹೊತ್ತಿಗೆ ಬರುತ್ತದೆ?

ಲೈನ್‌ಅಪ್, ಅಂದರೆ ಆಡುವ ಹನ್ನೊಂದು ಜನರ ಪಟ್ಟಿ, ಬರುವುದು ಪಂದ್ಯಕ್ಕೆ 75 ನಿಮಿಷ ಮೊದಲು. ಇಂಗ್ಲೆಂಡಿನ ಮಧ್ಯಾಹ್ನ ಮೂರರ ಪಂದ್ಯ ನಮಗೆ ರಾತ್ರಿ 7:30, ಲೈನ್‌ಅಪ್ 6:15ಕ್ಕೆ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಪಂದ್ಯ 8:30ಕ್ಕೆ, ಲೈನ್‌ಅಪ್ 7:15ಕ್ಕೆ. ಮಾರ್ಚ್ ಕೊನೆಯ ಭಾನುವಾರದವರೆಗೂ ಹೀಗೇ. ಪ್ರತಿ ವರ್ಷ ನವೆಂಬರ್ ಮೊದಲ ವಾರ ಯಾರಾದರೊಬ್ಬರು ಇದನ್ನು ಮರೆಯುತ್ತಾರೆ.

ವಾರದ ಮಧ್ಯೆ ಯುರೋಪಿನ ಪಂದ್ಯ ಆಡಿದ ಕ್ಲಬ್ಬಿನ ಕಾಮನ್ ಪ್ಲೇಯರ್ ಬೆಂಚಿನಲ್ಲಿ ಕೂತಿರುವುದು ಈ ಹೊತ್ತಿಗೇ ಗೊತ್ತಾಗುವುದು. ಆಗ ಫೋನ್ ಕೈಯಲ್ಲಿದ್ದವನಿಗೆ ದೊಡ್ಡ ಲಾಭ.

ನಮ್ಮಲ್ಲಿ ಪಂದ್ಯದ ಪ್ರಕಾರ ಲಾಕ್ ಆಗುವುದರಿಂದ ಇನ್ನೊಂದು ಅನುಕೂಲವಿದೆ. ಸಂಜೆಯ ಪಂದ್ಯದಲ್ಲಿ ನೀವು ಮುಂದಿದ್ದರೆ ರಾತ್ರಿಯ ಪಂದ್ಯಕ್ಕೆ ಎಲ್ಲರ ಬಳಿ ಇರುವವನನ್ನೇ ಇಟ್ಟುಕೊಳ್ಳಿ, ಬೇರೆಯವರು ಹತ್ತಿರ ಬರುವ ದಾರಿ ಮುಚ್ಚುತ್ತದೆ. ಹಿಂದಿದ್ದರೆ ಅವನನ್ನು ತೆಗೆದು ಬೇರೆಯವನನ್ನು ಹಾಕಿ. ಎಲ್ಲರಿಗೂ ಬರುವ ಅಂಕದಿಂದ ಹಿಂದಿರುವವನು ಮುಂದೆ ಬರಲಾರ.

ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿಯ ಫುಟ್‌ಬಾಲ್‌ಗೂ ಇದೇ ಲೆಕ್ಕವಾ?

ಅಲ್ಲಿಯ ಫುಟ್‌ಬಾಲ್ ಬೇರೆ ಆಟ, ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಆದರೆ ಒಂದು ದಿನದ ಫ್ಯಾಂಟಸಿ ದೊಡ್ಡದಾಗಿ ಬೆಳೆದದ್ದೇ ಅಲ್ಲಿ. ಫ್ಯಾನ್‌ಡ್ಯುಯೆಲ್ 2009ರಲ್ಲಿ, ಡ್ರಾಫ್ಟ್‌ಕಿಂಗ್ಸ್ 2012ರಲ್ಲಿ ಶುರುವಾದ ಕಂಪನಿಗಳು. ಡ್ರಾಫ್ಟ್‌ಕಿಂಗ್ಸ್‌ನಲ್ಲಿ 50,000 ಡಾಲರ್ ಎಂಬ ಲೆಕ್ಕದ ಸಂಬಳದೊಳಗೆ ಒಂಬತ್ತು ಜಾಗ ತುಂಬಬೇಕು: ಒಬ್ಬ ಕ್ವಾರ್ಟರ್‌ಬ್ಯಾಕ್, (ಚೆಂಡು ಎಸೆಯುವವನು), ಇಬ್ಬರು ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರು), ಮೂವರು ವೈಡ್ ರಿಸೀವರ್ (ಎಸೆದ ಚೆಂಡು ಹಿಡಿಯುವವರು), ಒಬ್ಬ ಟೈಟ್ ಎಂಡ್ (ಅಡ್ಡಗಟ್ಟುವ, ಚೆಂಡು ಹಿಡಿಯುವ ಎರಡೂ ಕೆಲಸದವನು), ಒಂದು ಫ್ಲೆಕ್ಸ್ (ಈ ಕೊನೆಯ ಮೂರು ಬಗೆಯಲ್ಲಿ ಯಾರಾದರೂ), ಒಂದು ತಂಡದ ಡಿಫೆನ್ಸ್.

ಎಲ್ಲರೂ ತೆಗೆದುಕೊಳ್ಳುವ ಆಟಗಾರನಿಗೆ ಅಲ್ಲಿ ‘ಚಾಕ್’ ಎನ್ನುತ್ತಾರೆ, ಅಂದರೆ ಸೀಮೆಸುಣ್ಣ. ಕುದುರೆ ರೇಸಿನಿಂದ ಬಂದ ಮಾತು ಅದು. ಬುಕ್ಕಿಗಳು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ದರ ಬರೆಯುತ್ತಿದ್ದ ಕಾಲದಲ್ಲಿ, ಎಲ್ಲರ ಮೆಚ್ಚಿನ ಕುದುರೆಯ ದರವನ್ನು ಅಳಿಸಿ ಅಳಿಸಿ ಬರೆಯಬೇಕಾಗುತ್ತಿತ್ತು. ಚಾಮುಂಡಿ ಬೆಟ್ಟದ ಬುಡದಲ್ಲಿ ರೇಸ್ ಕೋರ್ಸ್ ಇಟ್ಟುಕೊಂಡಿರುವ ನಮಗೆ ಅರ್ಥವಾಗುವ ಪದವೇ.

ಅಲ್ಲಿ ಜಾಗಕ್ಕೊಂದು ನ್ಯಾಯ. ರನ್ನಿಂಗ್ ಬ್ಯಾಕ್ ಚಾಕ್ ನಂಬಿಕಸ್ತ. ವಾರದ ಬೆಲೆ ನಿಗದಿಯಾದ ಮೇಲೆ ಮುಖ್ಯ ಆಟಗಾರನಿಗೆ ಪೆಟ್ಟಾದರೆ ಅಗ್ಗದ ಬದಲಿ ಆಟಗಾರನ ಕೈಗೆ ಚೆಂಡು ಇಪ್ಪತ್ತು ಸಲ ಬಂದರೂ ಅವನ ಬೆಲೆ ಬದಲಾಗುವುದಿಲ್ಲ. ನಮ್ಮ 4 ಮಿಲಿಯನ್ ಲೆಫ್ಟ್ ಬ್ಯಾಕ್ ಕಥೆಯೇ ಅದು. ರಿಸೀವರ್‌ಗೆ ಚೆಂಡು ಯಾರೋ ಎಸೆಯಬೇಕು, ಅವನು ಹಿಡಿಯಬೇಕು, ಏರಿಳಿತ ಹೆಚ್ಚು. ಡಿಫೆನ್ಸ್‌ನ ಅಂಕವಂತೂ ಒಂದೆರಡು ಆಕಸ್ಮಿಕ ಘಟನೆಯ ಮೇಲೆ ನಿಂತಿರುತ್ತದೆ, ಅಲ್ಲಿ ಗುಂಪಿನ ಹಿಂದೆ ಹೋಗುವುದು ವ್ಯರ್ಥ. ಕ್ವಾರ್ಟರ್‌ಬ್ಯಾಕ್ ಜೊತೆ ಅವನದೇ ರಿಸೀವರ್‌ನನ್ನು ಕಟ್ಟುವುದು ಅಲ್ಲಿಯ ಜೋಡಿ.

ಆಡದವರ ಪಟ್ಟಿ ಪಂದ್ಯಕ್ಕೆ 90 ನಿಮಿಷ ಮೊದಲು ಬರುತ್ತದೆ. ಭಾನುವಾರದ ಮೊದಲ ಸುತ್ತಿನ ಪಂದ್ಯಗಳು ನಮಗೆ ರಾತ್ರಿ 10:30ಕ್ಕೆ, ಚಳಿಗಾಲದಲ್ಲಿ 11:30ಕ್ಕೆ.

ಟೆಲಿಗ್ರಾಂನಲ್ಲಿ ‘ಪಕ್ಕಾ ಟೀಮ್’ ಕೊಡುತ್ತಾರಲ್ಲ?

ಒಂದು ಚಾನೆಲ್ಲಿನ ಟೀಮನ್ನು ಐದು ಸಾವಿರ ಜನ ನಕಲು ಮಾಡಿದರೆ ಆ ಟೀಮು ಗೆದ್ದ ದಿನ ಐದು ಸಾವಿರ ಜನ ಮೊದಲ ಸ್ಥಾನ ಹಂಚಿಕೊಳ್ಳುತ್ತಾರೆ. ಸೋತ ದಿನ ಆ ಪೋಸ್ಟು ಅಳಿಸಿಹೋಗಿರುತ್ತದೆ. ಇದರ ಮೇಲೆ ದುಡ್ಡು ಕೇಳುವವರು ಮೋಸಗಾರರು. ಯಾರ ಗೋಲು ಯಾವಾಗ ಬೀಳುತ್ತದೆ ಅಂತ ಅವರಿಗೂ ಗೊತ್ತಿಲ್ಲ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದುಡ್ಡು ಕಟ್ಟಿ ಆಡಬಹುದಾ?

ಇಲ್ಲ. ಕರ್ನಾಟಕ 2021ರಲ್ಲಿ ತಂದ ನಿಷೇಧದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತ್ತು. ಅದನ್ನೇ ನೆನಪಿಟ್ಟುಕೊಂಡು ಈಗಲೂ ‘ನಮ್ಮಲ್ಲಿ ಓಕೆ’ ಎನ್ನುವವರಿದ್ದಾರೆ. ಆಮೇಲೆ ಕೇಂದ್ರದ ಕಾನೂನು ಬಂದಿದೆ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲದ ಆಟವಾಗಲಿ ಅದೃಷ್ಟದ ಆಟವಾಗಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಡ್ರೀಮ್11 ಸೇರಿದಂತೆ ದೊಡ್ಡ ಕಂಪನಿಗಳು ಆ ತಿಂಗಳೇ ಹಣದ ಸ್ಪರ್ಧೆ ನಿಲ್ಲಿಸಿದವು.

ಕಾನೂನು ಬರುವ ಮೊದಲೇ ನಮ್ಮ ಗುಂಪಿನಲ್ಲಿ ದುಡ್ಡು ಇರಲಿಲ್ಲ. 49 ರೂಪಾಯಿಯಿಂದ ಶುರು ಮಾಡಿ ಸಾಲದವರೆಗೆ ಹೋದ ಹುಡುಗನೊಬ್ಬನನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವನ ಅಪ್ಪ ಬೈಕ್ ಮಾರಿ ತೀರಿಸಿದರು. ಆದ್ದರಿಂದ ಹೊರದೇಶದ ಆ್ಯಪ್ ಲಿಂಕು ಹಂಚಿದವರನ್ನು ನಾನು ಗುಂಪಿನಿಂದ ತೆಗೆಯುತ್ತೇನೆ, ಗೆಳೆಯನಾದರೂ ಸರಿ. ಈ ಸುಳಿಯಲ್ಲಿ ಸಿಕ್ಕಿರುವವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೊಸದಾಗಿ ಸೇರುವವರು ಏನು ಕಳಿಸಬೇಕು?

ಹನ್ನೊಂದು ಹೆಸರು, ಬೆಲೆ, ಕ್ಯಾಪ್ಟನ್, ಮತ್ತು ಹೆಸರಿನ ಮುಂದೆ ಒಂದು ಸಾಲಿನ ಕಾರಣ. ಈ ಕೊನೆಯ ಕಾಲಮ್ಮನ್ನು ನಾನು ಸೇರಿಸಿದ್ದು 2022ರ ಆ ದಸರಾ ಆದ ಮೇಲೆ. ‘ಪೆನಾಲ್ಟಿ ಹೊಡೆಯುತ್ತಾನೆ’, ‘ಲೆಫ್ಟ್ ಬ್ಯಾಕ್‌ಗೆ ಪೆಟ್ಟು, ಇವನೇ ಆಡುತ್ತಾನೆ’, ‘ಕಾರ್ನರ್ ಇವನದು’ ಹೀಗೆ ಬರೆದರೆ ಸಾಕು. ‘ಎಲ್ಲರೂ ತಗೊಂಡಿದ್ದಾರೆ’ ಎಂದು ಬರೆದರೆ ವಾಪಸ್ ಕಳಿಸುತ್ತೇನೆ. ‘ಯಾರೂ ತಗೊಂಡಿಲ್ಲ’ ಎಂದು ಬರೆದರೂ ವಾಪಸ್. ಮಂಡ್ಯದವರು ವಾಟ್ಸಾಪ್ ವಾಯ್ಸ್ ಮೆಸೇಜಿನಲ್ಲಿ ಹೇಳಿದರೆ ನಾನೇ ತುಂಬಿಕೊಳ್ಳುತ್ತೇನೆ, ಮೊದಲ ಪಂದ್ಯಕ್ಕೆ ಹತ್ತು ನಿಮಿಷ ಮೊದಲು ಕಳಿಸಿ.